ಪಿಎಚ್ ಹೆಚ್ಚುಕಡಿಮೆ ಒಂದೇ ಇರುವ ಎರಡು ಕೊಳವೆಬಾವಿಗಳ ಗಡಸುತನ ಮೂರು ಪಟ್ಟು ಬೇರೆಯಾಗುವುದು ಹೇಗೆ?

ಪ್ರಶ್ನೆ: ಚಿತ್ತಾಪುರ_ವಿಜ್ಞಾನ_ಶಿಕ್ಷಕಿ

ಚಿತ್ತಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಬೋಧಿಸುತ್ತೇನೆ. ಹತ್ತನೆಯ ತರಗತಿಯ ಮಕ್ಕಳು ಬೇಸಿಗೆ ರಜೆಯಲ್ಲಿ ನೆಂಟರ ಊರುಗಳಿಗೆ ಹೋದಾಗ ಅಲ್ಲಿಂದ ನೀರಿನ ಮಾದರಿ ತರಬೇಕೆಂದು ಹೇಳಿದ್ದೆ. ಅವುಗಳಲ್ಲಿ ಮೂರನ್ನು ಆರಿಸಿಕೊಂಡು, ನಾನೇ ಆ ಸ್ಥಳಗಳಿಗೆ ಮತ್ತೊಮ್ಮೆ ಹೋಗಿ ಪಿಎಚ್ ಮೀಟರಿನಿಂದ ಸ್ಥಳದಲ್ಲಿಯೇ ಅಳತೆ ಮಾಡಿದೆ. ಉಳಿದ ಪರೀಕ್ಷೆಗಳನ್ನು ಪರಿಚಯದವರ ಕಾಲೇಜಿನ ಪ್ರಯೋಗಾಲಯದಲ್ಲಿ ಬ್ಯೂರೆಟ್ ಹಿಡಿದು ಮಕ್ಕಳೊಂದಿಗೆ ಮಾಡಿದೆ. ಪ್ರತಿ ಸಲ 50 ಮಿಲಿಲೀಟರ್ ನೀರು ತೆಗೆದುಕೊಂಡು, ಕ್ಷಾರೀಯತೆಗೆ 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲವನ್ನೂ ಗಡಸುತನಕ್ಕೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳನ್ನು ಹಿಡಿದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕದ 0.01 ಮೋಲಾರ್ ದ್ರಾವಣವನ್ನೂ ಬಳಸಿದ್ದೇವೆ.

ನಮ್ಮ ಊರಿನ ಸಮೀಪದ, ಪರಸಿ ಕಲ್ಲಿನ (ಹಾಸುಗಲ್ಲಾಗಿ ಬಳಸುವ ಸುಣ್ಣದ ಕಲ್ಲು) ನೆಲದಲ್ಲಿ ಕೊರೆದ ಕೊಳವೆಬಾವಿಯ ನೀರಿನ ಪಿಎಚ್ 7.2 ಇತ್ತು. ಆಮ್ಲ 18 ಮಿಲಿಲೀಟರ್ ಹಿಡಿಯಿತು, ಇಡಿಟಿಎ 26 ಮಿಲಿಲೀಟರ್ ಹಿಡಿಯಿತು. ಅಂದರೆ ಲೀಟರಿಗೆ ಕ್ಷಾರೀಯತೆ 360 ಮಿಲಿಗ್ರಾಂ, ಗಡಸುತನ 520 ಮಿಲಿಗ್ರಾಂ. ಸುರಪುರ ತಾಲ್ಲೂಕಿನ ಒಂದು ಕೊಳವೆಬಾವಿಯ ಪಿಎಚ್ 7.4 ಇದ್ದರೂ ಅಲ್ಲಿ ಕ್ಷಾರೀಯತೆ 420, ಗಡಸುತನ ಕೇವಲ 160. ಬೀದರ್ ಸಮೀಪದ ಒಂದು ತೆರೆದ ಬಾವಿಯ ಪಿಎಚ್ 6.2, ಕ್ಷಾರೀಯತೆ 40, ಗಡಸುತನ 44.

ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದಾಗ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ನನ್ನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. ಪಿಎಚ್ 7ಕ್ಕಿಂತ ಕಡಿಮೆಯಿದ್ದರೆ ಆಮ್ಲೀಯ, ಹೆಚ್ಚಿದ್ದರೆ ಕ್ಷಾರೀಯ ಎಂದು ಪಾಠದಲ್ಲಿ ಓದಿದ ಮಕ್ಕಳು, 6.2 ಪಿಎಚ್ ಇರುವ ಬೀದರಿನ ನೀರಿಗೆ ಕ್ಷಾರೀಯತೆ ಎಲ್ಲಿಂದ ಬಂತು ಎಂದು ಕೇಳಿದರು. ಚಿತ್ತಾಪುರ ಮತ್ತು ಸುರಪುರದ ನೀರಿನ ಪಿಎಚ್ ಬಹುತೇಕ ಒಂದೇ ಆಗಿದ್ದರೂ ಒಂದರಲ್ಲಿ ಗಡಸುತನ ಮುಂದೆ, ಇನ್ನೊಂದರಲ್ಲಿ ಕ್ಷಾರೀಯತೆ ಮುಂದೆ ಇರುವುದೇಕೆ ಎಂದು ಕೇಳಿದರು. ಇನ್ನೊಂದು ಸಂಗತಿ ನನ್ನನ್ನೇ ಕಾಡಿತು: ಚಿತ್ತಾಪುರದ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಮರುದಿನ ಅಳೆದಾಗ ಪಿಎಚ್ 8.0 ತೋರಿಸಿತು, ಪಾತ್ರೆಯ ಒಳಗೋಡೆಗೆ ತೆಳುವಾದ ಬಿಳಿ ಪೊರೆ ಕಟ್ಟಿತ್ತು. ನೀರಿಗೆ ನಾವು ಏನನ್ನೂ ಸೇರಿಸಿರಲಿಲ್ಲ. ಬಲ್ಲವರು ವಿವರಿಸಿದರೆ ಮಕ್ಕಳಿಗೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ_ನೀರು_ವಿಶ್ಲೇಷಕ, ಕಲಬುರಗಿ

ಮೇಡಂ, ಸ್ಥಳಕ್ಕೇ ಹೋಗಿ ಪಿಎಚ್ ಅಳೆದಿರುವುದಕ್ಕೆ ಮೊದಲು ಅಭಿನಂದನೆ. ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದ ನಾನು, ಬಾಟಲಿಯಲ್ಲಿ ಎರಡು ದಿನ ಕುಳಿತ ನೀರಿನ ಪಿಎಚ್ ಅನ್ನು ಬಾವಿಯ ಪಿಎಚ್ ಎಂದು ಬರೆದ ವರದಿಗಳನ್ನು ಬಹಳ ನೋಡಿದ್ದೇನೆ. ನಿಮ್ಮ ಅಂಕಿಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ.

ಗೊಂದಲದ ಮೂಲ ನಮ್ಮ ಶಬ್ದದಲ್ಲಿದೆ. ಪಿಎಚ್ 7ನ್ನು ದಾಟಿದ ದ್ರಾವಣವನ್ನು ಕನ್ನಡದಲ್ಲಿ ಕ್ಷಾರೀಯ ಎನ್ನುತ್ತೇವೆ. ನೀರು ಎಷ್ಟು ಆಮ್ಲವನ್ನು ನುಂಗಿಕೊಂಡು ತಡೆಯಬಲ್ಲದು ಎಂಬ ಪ್ರಮಾಣವನ್ನೂ ಕ್ಷಾರೀಯತೆ ಎನ್ನುತ್ತೇವೆ. ಇವೆರಡೂ ಬೇರೆ ಬೇರೆ ಸಂಗತಿಗಳು. ಎರಡನೆಯದನ್ನು ಮಕ್ಕಳಿಗೆ ಹೇಳುವಾಗ ನಾನು 'ಆಮ್ಲ ತಡೆಯುವ ಶಕ್ತಿ' ಎಂದೇ ಹೇಳುತ್ತಿದ್ದೆ, ಆಗ ಅರ್ಧ ಗೊಂದಲ ಹೇಳುವ ಮೊದಲೇ ಕಳೆಯುತ್ತಿತ್ತು. ನೀವು ಬ್ಯೂರೆಟ್ಟಿನಿಂದ ಆಮ್ಲ ಬಿಡುತ್ತ ಮೀಥೈಲ್ ಆರೆಂಜ್ ಬಣ್ಣ ತಿರುಗುವವರೆಗೆ, ಅಂದರೆ ಪಿಎಚ್ ಸುಮಾರು 4.5ಕ್ಕೆ ಇಳಿಯುವವರೆಗೆ ಹೋಗಿದ್ದೀರಿ. ಬೀದರಿನ ನೀರು 6.2ರಿಂದ ಹೊರಟರೂ 4.5ಕ್ಕೆ ಬರುವ ಮೊದಲು 2 ಮಿಲಿಲೀಟರ್ ಆಮ್ಲವನ್ನು ತಡೆದಿದೆ. ಆ ತಡೆಯೇ ಅದರ ಕ್ಷಾರೀಯತೆ.

ತಡೆದವರು ಯಾರು? ನಮ್ಮ ಭಾಗದ ಅಂತರ್ಜಲದಲ್ಲಿ ಬಹುಮಟ್ಟಿಗೆ ಬೈಕಾರ್ಬೊನೇಟ್ ಅಯಾನು. ಹೈಡ್ರಾಕ್ಸೈಡ್ ಅಯಾನಿನ ಪಾತ್ರ ಇಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣದು: ಪಿಎಚ್ 7.2 ಇರುವಲ್ಲಿ ಲೀಟರಿಗೆ ಅದರ ಪ್ರಮಾಣ 0.16 ಮೈಕ್ರೋಮೋಲ್ ಮಾತ್ರ, ಅದೇ ನೀರಿನಲ್ಲಿ ಬೈಕಾರ್ಬೊನೇಟ್ 7,200 ಮೈಕ್ರೋಮೋಲ್ ಇದೆ. ಆದ್ದರಿಂದ ಕ್ಷಾರೀಯತೆ ಹೆಚ್ಚು ಎಂದ ಕೂಡಲೇ ಪಿಎಚ್ ಹೆಚ್ಚಿರಬೇಕೆಂದು ತೀರ್ಮಾನಿಸಲು ಬರುವುದಿಲ್ಲ.

ಹಾಗಾದರೆ ಪಿಎಚ್ ಯಾವುದರಿಂದ ನಿರ್ಧಾರವಾಗುತ್ತದೆ? ಬೈಕಾರ್ಬೊನೇಟಿಗೂ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡಿಗೂ ಇರುವ ಅನುಪಾತದಿಂದ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 6.35ಕ್ಕೆ ಆ ಅನುಪಾತದ ಲಾಗರಿದಮ್ ಕೂಡಿಸಿದರೆ ಪಿಎಚ್ ಸಿಗುತ್ತದೆ. ಇದನ್ನು ನಿಮ್ಮ ನೀರಿಗೇ ಹಚ್ಚಿ ನೋಡೋಣ. ಚಿತ್ತಾಪುರದ ಕ್ಷಾರೀಯತೆ 360ನ್ನು 50ರಿಂದ ಭಾಗಿಸಿದರೆ ಲೀಟರಿಗೆ 7.2 ಮಿಲಿಮೋಲ್ ಬೈಕಾರ್ಬೊನೇಟ್. ಪಿಎಚ್ 7.2 ಬರಬೇಕಾದರೆ ಇಂಗಾಲದ ಡೈಆಕ್ಸೈಡ್ ಅದರ ಏಳರಲ್ಲಿ ಒಂದು ಪಾಲು, ಅಂದರೆ ಸುಮಾರು 1.02 ಮಿಲಿಮೋಲ್ ಇರಬೇಕು. ತೂಕದಲ್ಲಿ 45 ಮಿಲಿಗ್ರಾಂ. ಬೀದರಿನಲ್ಲಿ ಬೈಕಾರ್ಬೊನೇಟ್ 0.8 ಮಿಲಿಮೋಲ್ ಮಾತ್ರ, ಪಿಎಚ್ 6.2ಕ್ಕೆ ಬೇಕಾಗುವ ಇಂಗಾಲದ ಡೈಆಕ್ಸೈಡ್ ಸುಮಾರು 1.13 ಮಿಲಿಮೋಲ್, ಅಂದರೆ 50 ಮಿಲಿಗ್ರಾಂ. ಎರಡೂ ಕಡೆ ಅನಿಲದ ಪ್ರಮಾಣ ಹೆಚ್ಚುಕಡಿಮೆ ಒಂದೇ ಎಂಬುದನ್ನು ದಯವಿಟ್ಟು ಮಕ್ಕಳಿಗೆ ತೋರಿಸಿ. ಬೇರುಗಳ ಉಸಿರಾಟದಿಂದಲೂ ಮಣ್ಣಿನ ಸೂಕ್ಷ್ಮಜೀವಿಗಳಿಂದಲೂ ಹುಟ್ಟಿದ ಅದೇ ಅನಿಲ, ಆಮ್ಲ ತಡೆಯುವ ಶಕ್ತಿ ಕಡಿಮೆಯಿರುವ ಕಡೆ ಪಿಎಚ್ ಅನ್ನು 6.2ಕ್ಕೆ ಎಳೆದಿದೆ, ಶಕ್ತಿ ಒಂಬತ್ತು ಪಟ್ಟು ಹೆಚ್ಚಿರುವ ಕಡೆ 7.2ರಲ್ಲಿಯೇ ಬಿಟ್ಟಿದೆ.

ಮರುದಿನದ 8.0ಕ್ಕೂ ಇಲ್ಲಿಯೇ ಉತ್ತರವಿದೆ. ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಬಹಳ, ಹೊರಗಿನ ಗಾಳಿಯಲ್ಲಿ ಬಹಳ ಕಡಿಮೆ. ನೀರು ಮೇಲೆ ಬಂದ ಕೂಡಲೇ ಹೆಚ್ಚುವರಿ ಅನಿಲ ಹಾರಿಹೋಗತೊಡಗುತ್ತದೆ, ಅನುಪಾತದ ಕೆಳಗಿನ ಸಂಖ್ಯೆ ಕುಗ್ಗುತ್ತದೆ, ಪಿಎಚ್ ಏರುತ್ತದೆ. ಅನಿಲ ಹೊರಟುಹೋಗುವುದರಿಂದ ಮಾತ್ರ ಕ್ಷಾರೀಯತೆ ಬದಲಾಗುವುದಿಲ್ಲ. ಕಲಬುರಗಿಯ ಮಾರುಕಟ್ಟೆಯಲ್ಲಿ ತೊಗರಿಯ ದರ ದಿನವೂ ಏರಿಳಿಯುತ್ತದೆ, ಗೋದಾಮಿನ ದಾಸ್ತಾನು ಮಾತ್ರ ಚೀಲ ಒಳಗೆ ಬಂದರೆ ಅಥವಾ ಹೊರಗೆ ಹೋದರೆ ಬದಲಾಗುತ್ತದೆ. ಪಿಎಚ್ ಆ ದಿನದ ದರದಂತೆ, ಕ್ಷಾರೀಯತೆ ದಾಸ್ತಾನಿನಂತೆ. ಆದರೆ ನಿಮ್ಮ ಪಾತ್ರೆಯಲ್ಲಿ ಎರಡನೆಯ ಘಟನೆಯೂ ನಡೆದಿದೆ. ಪಿಎಚ್ ಏರಿದಂತೆ ಕಾರ್ಬೊನೇಟ್ ಹುಟ್ಟಿ, ಕ್ಯಾಲ್ಸಿಯಂ ಜೊತೆ ಸೇರಿ, ಸುಣ್ಣದ ಕಲ್ಲಾಗಿಯೇ ಹಿಂದಿರುಗಿ ಗೋಡೆಗೆ ಅಂಟಿತು. ಆ ಬಿಳಿ ಪೊರೆ ಬಂದಾಗ ದಾಸ್ತಾನೂ ಇಳಿದಿರುತ್ತದೆ. ಅದು ಕಲ್ಲಾಗಿ ಇಳಿಯದೆ ಹೋಗಿದ್ದರೆ ಪಿಎಚ್ ಲೆಕ್ಕದ ಪ್ರಕಾರ 9ರ ಹತ್ತಿರಕ್ಕೆ ಹೋಗಬೇಕಾಗಿತ್ತು.

ಇನ್ನು ಗಡಸುತನದ ವಿಷಯ. ಮಳೆನೀರು ಮಣ್ಣಿನ ಅನಿಲವನ್ನು ಹೀರಿ ಪರಸಿ ಕಲ್ಲನ್ನು ಮುಟ್ಟಿದಾಗ, ಒಂದು ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಒಂದು ಕ್ಯಾಲ್ಸಿಯಂ ಅಯಾನನ್ನೂ ಎರಡು ಬೈಕಾರ್ಬೊನೇಟ್ ಅಯಾನುಗಳನ್ನೂ ಕೊಡುತ್ತದೆ. ಕ್ಯಾಲ್ಸಿಯಂ ಹಾಗೂ ಮೆಗ್ನೀಸಿಯಂ ಸೇರಿ ಗಡಸುತನ, ಬೈಕಾರ್ಬೊನೇಟ್ ಕ್ಷಾರೀಯತೆ. ಧನ ವಿದ್ಯುದಂಶದ ಬದಿಯನ್ನು ಎಣಿಸಿದರೆ ಒಂದು, ಋಣ ಬದಿಯನ್ನು ಎಣಿಸಿದರೆ ಇನ್ನೊಂದು. ಎರಡನ್ನೂ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಬರೆಯುವ ರೂಢಿ ಇರುವುದರಿಂದಲೇ ನೇರವಾಗಿ ಹೋಲಿಸಲು ಸಾಧ್ಯ: ಲೀಟರಿಗೆ 100 ಮಿಲಿಗ್ರಾಂ ಸುಣ್ಣದ ಕಲ್ಲು ಕರಗಿದರೆ ಗಡಸುತನವೂ 100 ಏರುತ್ತದೆ, ಕ್ಷಾರೀಯತೆಯೂ 100 ಏರುತ್ತದೆ. ನೀರಿನಲ್ಲಿ ನಿಜವಾಗಿ ಅಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ ಎಂದು ಇದರ ಅರ್ಥವಲ್ಲ, ಇದು ಅಳತೆಯ ಭಾಷೆ ಮಾತ್ರ. ಕ್ಯಾಲ್ಸಿಯಂ ತೂಕವನ್ನು 2.5ರಿಂದಲೂ ಮೆಗ್ನೀಸಿಯಂ ತೂಕವನ್ನು 4.1ರಿಂದಲೂ ಗುಣಿಸಿದರೆ ಈ ಭಾಷೆಗೆ ಬರುತ್ತದೆ.

ಹೀಗೆ ನೋಡಿದರೆ ಸುಣ್ಣದ ಕಲ್ಲಿನಿಂದ ಮಾತ್ರ ಬಂದ ನೀರಿನಲ್ಲಿ ಎರಡೂ ಸಮನಾಗಿರಬೇಕು. ನಿಮ್ಮ ಚಿತ್ತಾಪುರದ ನೀರಿನಲ್ಲಿ ಗಡಸುತನ 160ರಷ್ಟು ಮುಂದಿದೆ. ಆ 160ರ ಪಾಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಜೋಡಿಯಾಗಿ ಬೈಕಾರ್ಬೊನೇಟ್ ಇಲ್ಲ. ಸಲ್ಫೇಟ್, ಕ್ಲೋರೈಡ್ ಅಥವಾ ನೈಟ್ರೇಟ್ ಇದೆ. ಮೊದಲ 360 ಕುದಿಸಿ ಇಳಿಸಬಹುದಾದ ತಾತ್ಕಾಲಿಕ ಗಡಸುತನ, ಉಳಿದ 160 ಕುದಿಸಿದರೂ ಹೋಗದ ಶಾಶ್ವತ ಗಡಸುತನ. ಊರೊಳಗಿನ ಕೊಳವೆಬಾವಿಯಾದರೆ ನೈಟ್ರೇಟ್ ಪರೀಕ್ಷೆಯನ್ನು ತಪ್ಪದೆ ಮಾಡಿಸಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಬಚ್ಚಲು ನೀರು ಮತ್ತು ತಿಪ್ಪೆಯ ಬಸಿ ಸೇರಿದಾಗ ಈ ಅಂತರ ಬೆಳೆಯುವುದನ್ನು ಕಂಡಿದ್ದೇನೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಗಡಸುತನಕ್ಕೂ ಕ್ಷಾರೀಯತೆಗೂ 200 ಅಪೇಕ್ಷಿತ ಮಿತಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ. ನೈಟ್ರೇಟಿಗೆ ಮಾತ್ರ 45ರ ಮೇಲೆ ಯಾವ ಸಡಿಲಿಕೆಯೂ ಇಲ್ಲ.

ಉತ್ತರ 2: ಸೋಲಾರ್_ರಿಪೇರಿ, ಕಲಬುರಗಿ

ನಾನು ಸೋಲಾರ್ ವಾಟರ್ ಹೀಟರ್ ದುರಸ್ತಿ ಮಾಡುವವನು. ಶಹಾಬಾದ್, ವಾಡಿ, ಸೇಡಂ ಕಡೆಯ ಮನೆಗಳಲ್ಲಿ ಎರಡು ವರ್ಷದೊಳಗೆ ಪೈಪು ಸುಣ್ಣ ಕಟ್ಟಿ ಮುಚ್ಚುತ್ತದೆ. ನನ್ನ ತಿಳಿವಳಿಕೆಯಂತೆ ಗಡಸು ನೀರಿನ ಪಿಎಚ್ ಯಾವಾಗಲೂ ಹೆಚ್ಚೇ ಇರುತ್ತದೆ, ಆದ್ದರಿಂದ ಟ್ಯಾಂಕಿಗೆ ಸ್ವಲ್ಪ ಆಮ್ಲ ಹಾಕಿ ಪಿಎಚ್ ಇಳಿಸಿದರೆ ಗಡಸುತನ ಕಡಿಮೆಯಾಗುತ್ತದೆ. ಇದು ಸರಿಯಲ್ಲವೇ?

ಉತ್ತರ 3: ನಿವೃತ್ತ_ನೀರು_ವಿಶ್ಲೇಷಕ, ಕಲಬುರಗಿ

ಸಹೋದರರೇ, ನಿಮ್ಮ ಅನುಭವ ನಿಜ, ತೀರ್ಮಾನ ಮಾತ್ರ ಸರಿಯಲ್ಲ. ಭಟ್ಟಿ ಇಳಿಸಿದ ನೀರಿಗೆ ಜಿಪ್ಸಂ ಹಾಕಿ ಕಲಕಿದರೆ ಸಾಬೂನು ನೊರೆಯೇ ಬಾರದಷ್ಟು ಗಡಸಾಗುತ್ತದೆ, ಆದರೆ ಅದರ ಪಿಎಚ್ 7ರ ಆಸುಪಾಸಿನಲ್ಲಿಯೇ ಉಳಿಯುತ್ತದೆ, ಕ್ಷಾರೀಯತೆ ಇಲ್ಲವೆಂದೇ ಹೇಳಬಹುದು. ಕ್ಯಾಲ್ಸಿಯಂ ತಾನಾಗಿ ಪಿಎಚ್ ಏರಿಸುವುದಿಲ್ಲ. ನಮ್ಮ ಭಾಗದಲ್ಲಿ ಅದು ಬೈಕಾರ್ಬೊನೇಟನ್ನು ಜೊತೆಗೆ ಕರೆತರುವುದರಿಂದ ಎರಡೂ ಕೂಡಿಯೇ ಕಾಣುತ್ತವೆ.

ಆಮ್ಲ ಹಾಕಿದಾಗ ನಾಶವಾಗುವುದು ಬೈಕಾರ್ಬೊನೇಟ್. ಕ್ಯಾಲ್ಸಿಯಂ ಅಲ್ಲಿಯೇ ಇರುತ್ತದೆ. ಚಿತ್ತಾಪುರದ ನೀರಿಗೆ ಕ್ಷಾರೀಯತೆ 100ಕ್ಕೆ ಇಳಿಯುವಷ್ಟು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೂ ಇಡಿಟಿಎ ಪರೀಕ್ಷೆಯಲ್ಲಿ ಗಡಸುತನ 520 ಎಂದೇ ಬರುತ್ತದೆ. ತಾತ್ಕಾಲಿಕ ಗಡಸುತನದ ಪಾಲು ಶಾಶ್ವತ ಗಡಸುತನದ ಖಾತೆಗೆ ವರ್ಗವಾಗಿರುತ್ತದೆ. ಪೊರೆ ಕಟ್ಟುವುದು ಕಡಿಮೆಯಾಗುವುದು ನಿಜ, ಏಕೆಂದರೆ ಕಲ್ಲಾಗಲು ಬೇಕಾದ ಎರಡು ಸಾಮಗ್ರಿಗಳಲ್ಲಿ ಒಂದು ಇಲ್ಲವಾಗಿದೆ. ಆದರೆ ಮನೆಯ ಟ್ಯಾಂಕಿಗೆ ಅಳತೆಯಿಲ್ಲದೆ ಆಮ್ಲ ಹಾಕುವುದನ್ನು ನಾನು ಒಪ್ಪುವುದಿಲ್ಲ: ತಡೆಯುವ ಶಕ್ತಿ ಮುಗಿಯುವವರೆಗೆ ಪಿಎಚ್ ಮೆಲ್ಲಗೆ ಇಳಿದು, ಮುಗಿದ ಕೂಡಲೇ ಒಮ್ಮೆಲೇ ಕುಸಿಯುತ್ತದೆ, ಆಗ ತಾಮ್ರವೂ ಕಬ್ಬಿಣವೂ ಕರಗುತ್ತವೆ. ಅಳತೆಯೊಳಗೆ ಹಾಕಿದರೂ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಟ್ಯಾಂಕಿನಿಂದ ಹಾರಿಹೋದ ಮೇಲೆ ಪಿಎಚ್ ಮತ್ತೆ ಏರುವುದರಿಂದ, ಆಮ್ಲ ಕೆಲಸ ಮಾಡಲಿಲ್ಲವೆಂದು ತಿಳಿದು ಜನ ಇನ್ನಷ್ಟು ಸುರಿಯುತ್ತಾರೆ.

ನಿಮ್ಮ ಕೆಲಸಕ್ಕೆ ನೇರವಾಗಿ ನೆರವಾಗುವ ಒಂದು ಸೂಚ್ಯಂಕವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಂಗಲಿಯರ್ ಎಂಬ ವಿಜ್ಞಾನಿ 1936ರಲ್ಲಿ ಇದನ್ನು ರೂಪಿಸಿದರು. ಕ್ಯಾಲ್ಸಿಯಂ, ಕ್ಷಾರೀಯತೆ, ಉಷ್ಣತೆ ಮತ್ತು ಕರಗಿದ ಒಟ್ಟು ಲವಣ ಇವಿಷ್ಟು ತಿಳಿದರೆ, ಯಾವ ಪಿಎಚ್‌ನಲ್ಲಿ ಆ ನೀರು ಸುಣ್ಣವನ್ನು ಕರಗಿಸದೆ, ಕಟ್ಟದೆ ಸಮತೋಲದಲ್ಲಿ ಇರುತ್ತದೆ ಎಂದು ಲೆಕ್ಕ ಹಾಕಬಹುದು. ನಿಜವಾದ ಪಿಎಚ್ ಅದಕ್ಕಿಂತ ಮೇಲಿದ್ದರೆ ಪೊರೆ ಕಟ್ಟುತ್ತದೆ, ಕೆಳಗಿದ್ದರೆ ನೀರು ಸುಣ್ಣವನ್ನು ಕರಗಿಸುತ್ತದೆ. ಮೇಡಂ ಅವರ ನೀರಿನಲ್ಲಿ ಕ್ಯಾಲ್ಸಿಯಂ ಪಾಲಿನ ಗಡಸುತನ 380, ಲವಣ 800 ಎಂದು ಹಿಡಿದರೆ 30 ಡಿಗ್ರಿಯಲ್ಲಿ ಆ ಸಮತೋಲದ ಪಿಎಚ್ 6.7ರ ಸುಮಾರು ಬರುತ್ತದೆ. ನೀರಿನ ಪಿಎಚ್ 7.2, ಅಂದರೆ ಆಗಲೇ ಅರ್ಧ ಅಂಕದಷ್ಟು ಮುಂದಿದೆ. ಸೋಲಾರ್ ಕೊಳವೆಯೊಳಗೆ 60 ಡಿಗ್ರಿಗೆ ಕಾಯ್ದಾಗ ಸಮತೋಲ 6.2ಕ್ಕೆ ಇಳಿಯುತ್ತದೆ, ಅಂತರ ಪೂರ್ತಿ ಒಂದಕ್ಕೆ ಬೆಳೆಯುತ್ತದೆ. ಪಿಎಚ್ 7.2 ಎಂಬ ತಟಸ್ಥವಾಗಿ ಕಾಣುವ ಅಂಕಿಯ ನೀರು ನಿಮ್ಮ ಪೈಪನ್ನು ಮುಚ್ಚುವುದು ಹೀಗೆ.

ಗಡಸುತನವನ್ನೇ ತೆಗೆಯಬೇಕಾದರೆ ರಾಳದ ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ: ಗಡಸುತನ ಸೊನ್ನೆಯ ಹತ್ತಿರ, ಕ್ಷಾರೀಯತೆ ಮೊದಲಿನಷ್ಟೇ. ಸುಟ್ಟು ಅರಳಿಸಿದ ಸುಣ್ಣವನ್ನು ಲೆಕ್ಕಮಾಡಿ ಹಾಕಿದರೆ ಎರಡೂ ಇಳಿಯುತ್ತವೆ. ಸುಣ್ಣ ಹಾಕಿ ಸುಣ್ಣ ತೆಗೆಯುವ ಈ ಕ್ರಮಕ್ಕೆ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 1841ರಲ್ಲಿಯೇ ಪೇಟೆಂಟ್ ಪಡೆದಿದ್ದರು.

ಉತ್ತರ 4: ಎರೆಹೊಲ_ಸುರಪುರ

ಮೇಡಂ ಅವರ ಎರಡನೆಯ ಮಾದರಿ ನಮ್ಮ ತಾಲ್ಲೂಕಿನದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಕೃಷಿ ಪದವಿ ಓದಿ ಈಗ ಸ್ವಂತ ಹೊಲ ನೋಡಿಕೊಳ್ಳುತ್ತಿದ್ದೇನೆ, ಮಣ್ಣು ಮತ್ತು ನೀರಿನ ವರದಿಗಳನ್ನು ಸುತ್ತಲಿನ ರೈತರಿಗೆ ಓದಿ ಹೇಳುವ ಅಭ್ಯಾಸವಿದೆ.

ನಮ್ಮಲ್ಲಿ ಬಹುಭಾಗ ಗ್ರಾನೈಟ್ ಮತ್ತು ನೈಸ್ ಶಿಲೆ. ಅದರಲ್ಲಿರುವ ಫೆಲ್ಡ್‌ಸ್ಪಾರ್ ಖನಿಜ ಇಂಗಾಲದ ಡೈಆಕ್ಸೈಡ್ ಸೇರಿದ ನೀರಿಗೆ ಕರಗಿ ಜೇಡಿಯಾಗುವಾಗ ಸೋಡಿಯಂ ಮತ್ತು ಬೈಕಾರ್ಬೊನೇಟ್ ಜೋಡಿಯಾಗಿ ಬಿಡುಗಡೆಯಾಗುತ್ತವೆ. ಅಲ್ಲಿ ಕ್ಷಾರೀಯತೆ ಏರುತ್ತದೆ, ಗಡಸುತನ ಏರುವುದಿಲ್ಲ. ಎರೆ ಮಣ್ಣಿನಲ್ಲಿ ಇನ್ನೊಂದು ಕ್ರಿಯೆಯೂ ಸಾಧ್ಯ: ಜೇಡಿಯ ಕಣ ನೀರಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ತನ್ನ ಸೋಡಿಯಂ ಬಿಟ್ಟುಕೊಡುತ್ತದೆ. ಸಾಫ್ಟ್‌ನರ್ ಮಾಡುವ ಕೆಲಸವನ್ನು ಭೂಮಿಯೇ ಮಾಡಿದಂತೆ. ಹೀಗಾಗಿ 420ರಲ್ಲಿ ಗಡಸುತನದ ಜೋಡಿಯಾಗಿ 160 ಹೋದರೆ, ಉಳಿದ 260 ಬಹುತೇಕ ಸೋಡಿಯಂ ಬೈಕಾರ್ಬೊನೇಟ್. ಅಡುಗೆ ಸೋಡಾ ಎಂದರೆ ಇದೇ.

ನಮ್ಮ ಜನ ಈ ನೀರನ್ನು ಮೆದು ನೀರು, ಒಳ್ಳೆಯ ನೀರು ಎಂದು ಕರೆಯುತ್ತಾರೆ, ಏಕೆಂದರೆ ಬೇಳೆ ಬೇಗ ಬೇಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ತೊಗರಿ ಬೇಳೆಯ ಕೋಶಗೋಡೆಯ ಪೆಕ್ಟಿನ್ ಅನ್ನು ಬಿಗಿಯುತ್ತವೆ. ಅವು ಕಡಿಮೆಯಿದ್ದು ಸೋಡಾ ಇದ್ದರೆ ಬೇಳೆ ಒಡೆಯುತ್ತದೆ. ಗಡಸು ನೀರಿನ ಊರುಗಳಲ್ಲಿ ತಾಯಂದಿರು ಚಿಟಿಕೆ ಸೋಡಾ ಹಾಕುವುದು ಇದಕ್ಕಾಗಿಯೇ, ಆದರೆ ಸೋಡಾ ಹೆಚ್ಚಾದರೆ ಬೇಳೆಯ ಥಯಾಮಿನ್ ಜೀವಸತ್ವ ಹಾಳಾಗುತ್ತದೆ.

ಒಲೆಗೆ ಒಳ್ಳೆಯದಾದ ನೀರು ಹೊಲಕ್ಕೆ ಒಳ್ಳೆಯದಾಗಬೇಕೆಂದಿಲ್ಲ. ಕ್ಷಾರೀಯತೆ 420ನ್ನು 50ರಿಂದ ಭಾಗಿಸಿದರೆ ಲೀಟರಿಗೆ 8.4 ಮಿಲಿಈಕ್ವಿವಲೆಂಟ್ (ಅಯಾನುಗಳನ್ನು ವಿದ್ಯುದಂಶದ ಲೆಕ್ಕದಲ್ಲಿ ಎಣಿಸುವ ಅಳತೆ), ಗಡಸುತನ 160ಕ್ಕೆ 3.2, ವ್ಯತ್ಯಾಸ 5.2. ಇದನ್ನು ಉಳಿಕೆ ಸೋಡಿಯಂ ಕಾರ್ಬೊನೇಟ್ ಎನ್ನುತ್ತಾರೆ. 1.25ರೊಳಗಿದ್ದರೆ ನೀರಾವರಿಗೆ ಸುರಕ್ಷಿತ, 2.5 ದಾಟಿದರೆ ಯೋಗ್ಯವಲ್ಲ ಎಂಬುದು ರೂಢಿಯ ಮಿತಿ. ಇಂಥ ನೀರನ್ನು ವರ್ಷಗಟ್ಟಲೆ ಎರೆ ಹೊಲಕ್ಕೆ ಬಿಟ್ಟರೆ ಮಣ್ಣಿನ ಕ್ಯಾಲ್ಸಿಯಂ ಸುಣ್ಣವಾಗಿ ಗಟ್ಟಿಯಾಗಿ ಕೂರುತ್ತದೆ, ಸೋಡಿಯಂ ಜೇಡಿಗೆ ಅಂಟುತ್ತದೆ, ಮಣ್ಣು ನೀರು ಇಂಗಿಸಿಕೊಳ್ಳದೆ ಮೇಲ್ಪದರ ಬಿಗಿಯುತ್ತದೆ. ಪಿಎಚ್ 7.4 ಇದೆಯಲ್ಲ, ಚಿಂತೆಯಿಲ್ಲ ಎಂದು ಹೇಳಿ ಕಳುಹಿಸಿದ ಒಬ್ಬ ಸಲಹೆಗಾರರ ಮಾತು ನಂಬಿ ನಮ್ಮ ಮನೆಯವರೇ ಆರು ವರ್ಷ ಇಂಥ ನೀರು ಹರಿಸಿದ್ದರು. ಆ ಎರಡು ಎಕರೆ ಇವತ್ತಿಗೂ ಮೊದಲಿನಂತೆ ಆಗಿಲ್ಲ, ಅದನ್ನು ನೋಡಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಪರಿಹಾರವಾಗಿ ಜಿಪ್ಸಂ ಬಳಸುತ್ತೇವೆ. ಒಂದು ಮಿಲಿಈಕ್ವಿವಲೆಂಟ್ ಇಳಿಸಲು ಲೀಟರಿಗೆ 86 ಮಿಲಿಗ್ರಾಂ ಶುದ್ಧ ಜಿಪ್ಸಂ ಬೇಕು, 5.2ನ್ನು 2.5ಕ್ಕೆ ತರಲು ಸಾವಿರ ಲೀಟರಿಗೆ ಸುಮಾರು 232 ಗ್ರಾಂ. ಅಂದರೆ ಗಡಸುತನವನ್ನು ಬೇಕೆಂದೇ ಏರಿಸುತ್ತೇವೆ.

ಕೊನೆಗೆ ಅತ್ಯಂತ ಮುಖ್ಯವಾದ ಮಾತು. ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಹೆಚ್ಚು ಇರುವ ಗ್ರಾನೈಟ್ ನೀರಿನಲ್ಲಿ ಫ್ಲೋರೈಡ್ ಇರುವ ಸಾಧ್ಯತೆ ಹೆಚ್ಚು. ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡ್ ಒಂದು ಮಿತಿಯಾಚೆ ಕರಗಿ ನಿಲ್ಲಲಾರದು, ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಇಳಿಯುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆ ಅಂಕುಶ ಇರುವುದಿಲ್ಲ. ಅಪೇಕ್ಷಿತ ಮಿತಿ ಲೀಟರಿಗೆ 1 ಮಿಲಿಗ್ರಾಂ, ಗರಿಷ್ಠ 1.5. ಮಕ್ಕಳು ಆ ನೀರು ಕುಡಿಯುತ್ತಿದ್ದರೆ ಫ್ಲೋರೈಡ್ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸಲೇಬೇಕು, ಗಡಸುತನದ ಅಂಕಿಯಿಂದ ಊಹಿಸಿ ಬಿಡಬಾರದು. ಫ್ಲೋರೈಡ್ ತೆಗೆಯಲು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನದಲ್ಲಿಯೂ ಪಟಿಕದ ಪ್ರಮಾಣವನ್ನು ಕ್ಷಾರೀಯತೆ ನೋಡಿಯೇ ನಿಗದಿ ಮಾಡುತ್ತಾರೆ, ಏಕೆಂದರೆ ಪಟಿಕ ನೀರಿಗೆ ಬಿದ್ದಾಗ ಆಮ್ಲದಂತೆ ಕೆಲಸ ಮಾಡಿ ಬೈಕಾರ್ಬೊನೇಟನ್ನು ತಿನ್ನುತ್ತದೆ.

ಉತ್ತರ 5: ಜಂಬಿಟ್ಟಿಗೆ_ಬೀದರ್

ಬೀದರಿನ ಬಾವಿಯ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ನಮ್ಮ ಪ್ರಸ್ಥಭೂಮಿಯ ಮೇಲಿರುವುದು ಜಂಬಿಟ್ಟಿಗೆ, ಅದರ ಕೆಳಗೆ ದಖ್ಖನ್ನಿನ ಕಪ್ಪು ಬಸಾಲ್ಟ್. ಜಂಬಿಟ್ಟಿಗೆ ಎಂದರೆ ಲಕ್ಷಾಂತರ ವರ್ಷಗಳ ಮಳೆಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದ ಕಲ್ಲು. ಇಂಗಿದ ನೀರು ಎರಡು ಶಿಲೆಗಳ ಸಂಧಿಯಲ್ಲಿ ನಿಂತು ಹರಿಯುತ್ತದೆ. ಬಹಮನಿ ಕಾಲದ ನೌಬಾದಿನ ಕರೇಜ್ ಎಂಬ ನೆಲದಡಿಯ ನೀರಿನ ಸುರಂಗ ಹಿಡಿದು ತರುತ್ತಿದ್ದುದೂ ಈ ಬಗೆಯ ನೀರನ್ನೇ. ನೀರಿಗೆ ಕರಗಿಸಲು ಆ ಕಲ್ಲಿನಲ್ಲಿ ಏನೂ ಉಳಿದಿಲ್ಲವಾದ್ದರಿಂದ ಇಂಗಾಲದ ಡೈಆಕ್ಸೈಡ್ ಖರ್ಚಾಗದೆ ಹಾಗೆಯೇ ಉಳಿದಿದೆ. ಲ್ಯಾಂಗಲಿಯರ್ ಲೆಕ್ಕ ಹಾಕಿದರೆ ಇದು ಸಮತೋಲಕ್ಕಿಂತ ಸುಮಾರು 2.5ರಷ್ಟು ಕೆಳಗೆ ಬರುತ್ತದೆ. ನಮ್ಮ ಮನೆಗಳಲ್ಲಿ ಸುಣ್ಣದ ಪೊರೆಯ ತೊಂದರೆ ಇಲ್ಲ, ಆದರೆ ಕಬ್ಬಿಣದ ಪೈಪು ತುಕ್ಕು ಹಿಡಿದು ಸವೆಯುತ್ತದೆ, ಸಿಮೆಂಟ್ ತೊಟ್ಟಿಯ ಒಳಮೈ ಒರಟಾಗುತ್ತದೆ. ರುಚಿಗೆ ಮಾತ್ರ ಇಂಥ ನೀರು ಇನ್ನೆಲ್ಲಿಯೂ ಇಲ್ಲವೆಂದು ನನ್ನ ನಂಬಿಕೆ.

ಮೇಡಂ, ಒಂದು ಪ್ರಯೋಗ ಮಾಡಿ ನೋಡಬಹುದು. ನಮ್ಮ ನೀರನ್ನು ಬಾಟಲಿಯ ಕತ್ತಿನವರೆಗೆ ತುಂಬಿ, ನಿಮ್ಮ ಊರಿನ ಪರಸಿ ಕಲ್ಲಿನ ಪುಡಿ ಹಾಕಿ, ಗಾಳಿಯಾಡದಂತೆ ಮುಚ್ಚಿ ದಿನಕ್ಕೆ ಹಲವು ಸಲ ಕುಲುಕಿ. ಬೀದರಿನ ನೀರು ಚಿತ್ತಾಪುರದ ನೀರಾಗುವ ದಾರಿಯನ್ನು ಮಕ್ಕಳು ಕಣ್ಣಾರೆ ಕಾಣಬಹುದು.

ಉತ್ತರ 6: ಚಿತ್ತಾಪುರ_ವಿಜ್ಞಾನ_ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಪ್ರಯೋಗಗಳನ್ನು ಮುಗಿಸಿಯೇ ಬರೆಯಬೇಕೆಂದಿತ್ತು.

ಬೀದರಿನ ಸರ್ ಹೇಳಿದಂತೆ ಹೊಸದಾಗಿ ನೀರು ತರಿಸಿ ಪರಸಿ ಕಲ್ಲಿನ ಪುಡಿ ಹಾಕಿ ಮುಚ್ಚಿಟ್ಟೆವು. ಆರನೆಯ ದಿನ ಸೋಸಿ ಪರೀಕ್ಷಿಸಿದಾಗ ಪಿಎಚ್ 6.2ರಿಂದ 6.9ಕ್ಕೆ ಏರಿತ್ತು. ಆಮ್ಲ 2 ಮಿಲಿಲೀಟರಿನ ಬದಲು 4.9 ಹಿಡಿಯಿತು, ಇಡಿಟಿಎ 2.2ರ ಬದಲು 5.2 ಹಿಡಿಯಿತು. ಅಂದರೆ ಕ್ಷಾರೀಯತೆ 40ರಿಂದ 98ಕ್ಕೆ, ಗಡಸುತನ 44ರಿಂದ 104ಕ್ಕೆ. ಒಂದು 58, ಇನ್ನೊಂದು 60 ಏರಿದೆ. ಎರಡೂ ಕೂಡಿಯೇ ಏರಿದ್ದನ್ನು ಕಂಡ ಒಬ್ಬ ಹುಡುಗಿ ತಾನಾಗಿಯೇ, ಕಲ್ಲು ಅರ್ಧ ಅಲ್ಲಿ ಅರ್ಧ ಇಲ್ಲಿ ಎಣಿಕೆಯಾಗುತ್ತಿದೆ ಎಂದಳು. ಅದೇ ನೀರನ್ನು ಕಲ್ಲಿಲ್ಲದೆ ತೆರೆದಿಟ್ಟ ಇನ್ನೊಂದು ಪಾತ್ರೆಯಲ್ಲಿ ಪಿಎಚ್ ಮರುದಿನ 7.6 ಆಗಿತ್ತು, ಆಮ್ಲ ಮಾತ್ರ ಅದೇ 2 ಮಿಲಿಲೀಟರ್ ಹಿಡಿಯಿತು.

ನಂತರ ಉಳಿದೆರಡು ನೀರುಗಳನ್ನು ಇಪ್ಪತ್ತು ನಿಮಿಷ ಕುದಿಸಿ, ಆರಿಸಿ, ಆವಿಯಾದಷ್ಟು ಭಟ್ಟಿ ನೀರನ್ನು ಮತ್ತೆ ತುಂಬಿ, ಸೋಸಿ ಪರೀಕ್ಷಿಸಿದೆವು. ಚಿತ್ತಾಪುರದ ಕ್ಷಾರೀಯತೆ 360ರಿಂದ 120ಕ್ಕೂ ಗಡಸುತನ 520ರಿಂದ 290ಕ್ಕೂ ಇಳಿದವು. ಸುರಪುರದ ನೀರಿನಲ್ಲಿ ಗಡಸುತನ 160ರಿಂದ 75ಕ್ಕೆ ಇಳಿದರೂ ಕ್ಷಾರೀಯತೆ 330 ಉಳಿಯಿತು, ಮತ್ತು ಕುದಿಸುವ ಮೊದಲು ಬಣ್ಣವಿಲ್ಲದೆ ಇದ್ದ ಆ ನೀರು ಎರಡು ಹನಿ ಫಿನಾಲ್ಫ್ತಲೀನ್ ಬಿದ್ದ ಕೂಡಲೇ ಗುಲಾಬಿಯಾಯಿತು. ಇದೇಕೆ ಎಂದು ಕಲಬುರಗಿಯ ಸರ್ ಒಂದು ಮಾತು ತಿಳಿಸಿದರೆ ಒಳ್ಳೆಯದು. ಸುರಪುರದ ಮಾದರಿಯನ್ನು ಫ್ಲೋರೈಡಿಗೂ ನಮ್ಮ ಊರಿನದನ್ನು ನೈಟ್ರೇಟಿಗೂ ಕಳುಹಿಸಿದ್ದೇನೆ.

ಉತ್ತರ 7: ನಿವೃತ್ತ_ನೀರು_ವಿಶ್ಲೇಷಕ, ಕಲಬುರಗಿ

ಮೇಡಂ, ಆವಿಯಾದ ನೀರನ್ನು ತುಂಬಿ ಅಳೆದದ್ದು ಬಹಳ ಸರಿಯಾದ ಕೆಲಸ. ಅದನ್ನು ಮರೆತಿದ್ದರೆ ಇಳಿಕೆ ಕಡಿಮೆಯಾಗಿ ಕಾಣುತ್ತಿತ್ತು.

ಸುರಪುರದ ನೀರು ಕುದಿಯುವಾಗ ಮೊದಲು ಕ್ಯಾಲ್ಸಿಯಂ ಜೊತೆಗಿನ ಬೈಕಾರ್ಬೊನೇಟ್ ಸುಣ್ಣವಾಗಿ ಕೆಳಗೆ ಬಿತ್ತು, ಅದಕ್ಕೇ ಎರಡೂ 90ರ ಆಸುಪಾಸು ಇಳಿದವು. ಸೋಡಿಯಂ ಜೊತೆಗಿನ ಬೈಕಾರ್ಬೊನೇಟಿಗೆ ಕೆಳಗೆ ಬೀಳುವ ದಾರಿಯಿಲ್ಲ. ಅದು ಅನಿಲವನ್ನು ಕಳೆದುಕೊಂಡು ಒಂದಿಷ್ಟು ಪಾಲು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಸೋಡಾ ಆಗುತ್ತದೆ. ಎರಡು ಬೈಕಾರ್ಬೊನೇಟ್ ಹೋಗಿ ಒಂದು ಕಾರ್ಬೊನೇಟ್ ಬಂದರೂ ಆ ಒಂದು ಕಾರ್ಬೊನೇಟ್ ಎರಡು ಪಾಲು ಆಮ್ಲವನ್ನು ತಡೆಯುವುದರಿಂದ ಕ್ಷಾರೀಯತೆ ಕುಗ್ಗುವುದಿಲ್ಲ. ಪಿಎಚ್ ಮಾತ್ರ 8.3ನ್ನು ದಾಟುತ್ತದೆ, ಫಿನಾಲ್ಫ್ತಲೀನ್ ಬಣ್ಣ ತೋರುವುದು ಆ ಗಡಿಯ ಮೇಲೆಯೇ. ಆ ಗುಲಾಬಿ ಬಣ್ಣ ಮಾಯವಾಗುವವರೆಗೆ ಹಿಡಿದ ಆಮ್ಲವನ್ನು ಬೇರೆಯಾಗಿ ಬರೆದುಕೊಂಡು, ಮೀಥೈಲ್ ಆರೆಂಜ್ ತಿರುಗುವವರೆಗೆ ಮುಂದುವರಿಸಿ. ಮೊದಲ ಓದಿಕೆಯ ಎರಡರಷ್ಟು ಕಾರ್ಬೊನೇಟಿನ ಪಾಲು, ಒಟ್ಟು ಓದಿಕೆಯಲ್ಲಿ ಅದನ್ನು ಕಳೆದರೆ ಉಳಿಯುವುದು ಬೈಕಾರ್ಬೊನೇಟಿನ ಪಾಲು.